ಅಣ್ಣ ನೆಟ್ಟ ಬೋಗನ್‌ವಿಲ್ಲಾ

ಅತ್ತಿಗೆಯ ಬಾಡಿಗೆ ಮನೆಯ ಗೇಟಿನ ಪಕ್ಕದ ಬೋಗನ್‌ವಿಲ್ಲಾವನ್ನು ನೆಟ್ಟವನು ನನ್ನ ಅಣ್ಣ. ಅವನು ತೀರಿಕೊಂಡು ಐದು ತಿಂಗಳಾಗಿತ್ತು. ಮನೆ ಮಾಲೀಕರು ಕಾಂಪೌಂಡ್ ಒಡೆಸುತ್ತಾರೆಂದು ಗೊತ್ತಾದಾಗ ಅತ್ತಿಗೆ ಫೋನ್ ಮಾಡಿದರು. "ನೀನು ಬೋನ್ಸಾಯ್ ಮಾಡ್ತೀಯಲ್ಲ, ಇದನ್ನ ಹೇಗಾದ್ರೂ ಉಳಿಸ್ಕೊಡು."

ಮರುದಿನ ಬೆಳಗಿನಿಂದ ಇಬ್ಬರೂ ಸೇರಿ ಬುಡದ ಸುತ್ತ ಅಗೆದೆವು. ಮುಳ್ಳು ಚುಚ್ಚಿದಾಗಲೆಲ್ಲ ಅತ್ತಿಗೆ, "ನಿಮ್ಮಣ್ಣನ ಥರಾನೇ, ಹತ್ರ ಬಿಟ್ಕೊಳ್ಳಲ್ಲ" ಎಂದು ನಗುತ್ತಿದ್ದರು. ಕುಂಡದಲ್ಲಿ ಹಿಡಿಸಬೇಕೆಂದರೆ ದಪ್ಪ ಬೇರುಗಳನ್ನೂ ಕೊಂಬೆಗಳನ್ನೂ ಗರಗಸದಿಂದ ಕೊಯ್ಯಲೇಬೇಕಿತ್ತು. ಕೊನೆಗೆ ಉಳಿದದ್ದು ಮೊಣಕಾಲುದ್ದದ ಬೋಳು ಮೋಟು.

"ಇಷ್ಟು ಕತ್ತರಿಸಿದ ಮೇಲೂ ಬದುಕುತ್ತಾ?"

"ಗಟ್ಟಿ ಜೀವ ಅತ್ತಿಗೆ, ಏನೂ ಆಗಲ್ಲ" ಎಂದೆ.

ಕುಂಡದಲ್ಲಿ ನೆಟ್ಟು ನಮ್ಮ ಮನೆಯ ತಾರಸಿಯಲ್ಲಿಟ್ಟ ಮೂರನೇ ವಾರ ಮೋಟಿನ ತುಂಬ ಚಿಗುರು ಬಂತು. ಬೇರು ಬಿಡದೆಯೂ ಕಾಂಡದಲ್ಲಿ ಉಳಿದ ಸತ್ವದಿಂದಲೇ ಹಾಗೆ ಚಿಗುರುವುದುಂಟು ಎಂದು ನನಗೆ ಗೊತ್ತಿತ್ತು. ಆದರೂ ತಡೆಯಲಾರದೆ ಚಿಗುರಿದೆ ಎಂದು ಅತ್ತಿಗೆಗೆ ಹೇಳಿಬಿಟ್ಟೆ. ಹತ್ತು ದಿನಕ್ಕೆ ಎಲೆಗಳೆಲ್ಲ ಜೋತುಬಿದ್ದು ಒಣಗಿದವು.

ಭಾನುವಾರ ಅತ್ತಿಗೆ ಗಿಡ ನೋಡಲು ಬಂದರು. ತಾರಸಿಗೆ ಹತ್ತುವಾಗ ಮೆಟ್ಟಿಲ ಮೇಲೇ ನಿಜ ಹೇಳಿದೆ. ಅವರು ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿರಲಿಲ್ಲ.

"ಚಿಗುರಿದೆ ಅಂತ ಯಾಕೆ ಹೇಳ್ದೆ? ಆಸ್ಪತ್ರೇಲೂ ಹೀಗೇ ಹೇಳಿದ್ರು, ನಿಮ್ಮಣ್ಣ ಕಣ್ಣು ಬಿಟ್ರು, ನೀರು ಕುಡಿದ್ರು ಅಂತ. ನಾನು ಮನೆಗೆ ಬಂದು ಅವರಿಗೆ ಹಾಸಿಗೆ ಹಾಸಿಟ್ಟಿದ್ದೆ."

ಆಮೇಲೆ ಅವರೇ ಕುಂಡವನ್ನು ಓರೆ ಮಾಡಿ ಹಿಡಿದರು. ನಾನು ಮೋಟನ್ನು ಎಳೆದೆ. ಒಂದೇ ಎಳೆತಕ್ಕೆ ಕೈಗೆ ಬಂತು.