ಡ್ರೈವರ್ ಸೀಟಿನ ನಾಲ್ಕು ನಿಮಿಷ

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನೇಳು ವರ್ಷದಿಂದ ಅದೇ ಕಿಟಕಿ ಪಕ್ಕದ ಕುರ್ಚಿ, ಅದೇ ರಬ್ಬರ್ ಪಟ್ಟಿ, ಬಂದವರ ತೋಳು ತಡವಿ ನರ ಹುಡುಕುವ ಕೆಲಸ. ಎಂಥ ಹೆದರುಪುಕ್ಕಲರು ಬಂದರೂ ‘ನೋವಾಗಲ್ಲ’ ಎಂದು ಸುಳ್ಳು ಹೇಳಿದವಳಲ್ಲ. “ಚುಚ್ಚುತ್ತೆ, ಸ್ವಲ್ಪ ಉರಿಯುತ್ತೆ. ಎಲ್ಲಿ ಭಯ ಆಗ್ತಿದೆ ಹೇಳಿ, ಎದೇಲಾ, ಹೊಟ್ಟೇಲಾ?” ಎಂದು ಕೇಳುತ್ತಿದ್ದಳು. ಅವರು ಹುಡುಕಿ ಉತ್ತರ ಹೇಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಅವಳ ಗಂಡ ಸಿಟಿ ಬಸ್ ಡ್ರೈವರ್. ಡಿಪೋದಲ್ಲಿ ಅವನಿಗೆ ಮೆಲ್ಲಣ್ಣ ಎಂದು ಹೆಸರಿಟ್ಟಿದ್ದರು. “ಮೆಲ್ಲಣ್ಣನ ಬಸ್ ಹತ್ತಿದ್ರೆ ನಡ್ಕೊಂಡು ಹೋದವರೇ ಮೊದಲು ಮನೆ ಸೇರ್ತಾರೆ” ಎಂದು ಜೊತೆಯವರು ಗೇಲಿ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಬಸ್ಸಿನ ಮೈಗೆ ಒಂದು ಗೀರೂ ಬಿದ್ದಿರಲಿಲ್ಲ.

ಅಂಥವನ ಬಸ್ಸಿಗೆ ಒಂದು ಬೆಳಗ್ಗೆ ಆರೂವರೆಗೆ, ಮಾರುಕಟ್ಟೆಯ ತಿರುವಿನಲ್ಲಿ, ಮುದುಕನೊಬ್ಬ ಸಿಕ್ಕಿಬಿಟ್ಟ. ಗೋದಾಮೊಂದರ ಕಾವಲುಗಾರ. ಪಾಳಿ ಮುಗಿಸಿ ಮನೆಗೆ ಹೊರಟವನು ನಿಂತಿದ್ದ ಲಾರಿಯ ಮರೆಯಿಂದ ಸೀದಾ ರಸ್ತೆಗೆ ಕಾಲಿಟ್ಟಿದ್ದ. ಆಂಬುಲೆನ್ಸ್ ಬರುವ ಹೊತ್ತಿಗೆ ಪ್ರಾಣ ಹೋಗಿತ್ತು.

ವಿಚಾರಣೆ ನಡೆಯಿತು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲವೂ ದಾಖಲಾಗಿತ್ತು. ವೇಗ ಕಡಿಮೆಯಿತ್ತು, ಬ್ರೇಕು ಸಕಾಲಕ್ಕೆ ಬಿದ್ದಿದೆ, ಡ್ರೈವರನ ತಪ್ಪಿಲ್ಲ ಎಂದು ಮೂರು ವಾರಕ್ಕೆ ಕಾಗದ ಬಂತು. ಅದನ್ನು ಓದಿ ಅವಳು ಹೋದ ಜೀವ ಬಂದಂತೆ ಗೋಡೆಗೆ ಒರಗಿ ಕೂತಳು. ಅವನು ಕಾಗದವನ್ನು ಮಡಿಸಿ ಕಪಾಟಿನ ಮೇಲಿಟ್ಟು ಮುಖ ತೊಳೆಯಲು ಹೋದ.

ಸೋಮವಾರ ಯೂನಿಫಾರ್ಮ್ ಹಾಕಿಕೊಂಡು ಡಿಪೋಗೆ ಹೋದವನು ಒಂದು ಗಂಟೆಯಲ್ಲಿ ವಾಪಸು ಬಂದ. “ಸೀಟಿಗೆ ಹತ್ತಿದೆ. ಕೀಲಿ ತಿರುಗಿಸೋಕೆ ಕೈ ಬರಲಿಲ್ಲ” ಎಂದ. ಮಂಗಳವಾರವೂ ಅದೇ ಆಯಿತು. ಬುಧವಾರ ಹೋಗಲಿಲ್ಲ. ಆಮೇಲೆ ರಜೆಯ ಮೇಲೆ ರಜೆ.

ಸೂಜಿಯಕ್ಕ ಸುಮ್ಮನೆ ಕೂರುವ ಹೆಂಗಸಲ್ಲ. ಬೆಳಗ್ಗೆ ಎದ್ದರೆ ಸಮಾಧಾನ, ಸಂಜೆ ಬಂದರೆ ಸಮಾಧಾನ. ನಿಮ್ಮ ತಪ್ಪಿಲ್ಲ ಅಂತ ಅವರೇ ಬರೆದು ಕೊಟ್ಟಿದ್ದಾರಲ್ಲ. ಆಯಸ್ಸು ಮುಗಿದಿತ್ತು, ಹೋದರು. ಅದನ್ನೇ ಯೋಚನೆ ಮಾಡಬೇಡಿ, ಹೊರಗೆ ಹೋಗಿ ನಾಲ್ಕು ಜನರ ಜೊತೆ ಮಾತಾಡಿ. ಅವಳು ಹೇಳಿದಷ್ಟೂ ಅವನು ಮುದುಡಿಕೊಳ್ಳುತ್ತ ಹೋದ. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವಳು ಮತ್ತೆ “ನಿಮ್ಮ ತಪ್ಪೇನಿದೆ ರೀ” ಎಂದು ಶುರು ಮಾಡಿದ್ದೇ ತಡ, ಅವನು ತಟ್ಟೆಯನ್ನು ಮುಂದಕ್ಕೆ ತಳ್ಳಿದ.

“ಸಾಕು ಮಾಡ್ತೀಯಾ? ನಿನಗೇನು ಗೊತ್ತು?”

“ಗೊತ್ತಿಲ್ಲದೇ ಏನು? ದಿನಾ ನೋಡ್ತಿಲ್ವಾ ನಾನು?”

“ನೋಡೋದು ಬೇರೆ” ಎಂದು ಕೈ ತೊಳೆದು ಎದ್ದುಹೋದ. ಎರಡು ದಿನ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ.

ಮೂರನೆಯ ದಿನ ಅವಳು ಲ್ಯಾಬಿನಿಂದ ಬೇಗ ಬಂದಳು. ಚಪ್ಪಲಿ ಬಿಡುತ್ತಿದ್ದಾಗ ಒಳಕೋಣೆಯಿಂದ ಗಂಡನ ದನಿ ಕೇಳಿಸಿತು. ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತು, ತಗ್ಗಿದ ದನಿಯಲ್ಲಿ ಒಂದೇ ಸಮನೆ ಮಾತಾಡುತ್ತಿದ್ದ. ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು ಗೋಡೆ ನೋಡುತ್ತ ಕೂತಿದ್ದರು. ಸೊಸೆಯ ನೆರಳು ಬಿದ್ದದ್ದೇ ಅವನು ಮಾತು ನಿಲ್ಲಿಸಿ ಎದ್ದ.

ಅವನು ಹೊರಗೆ ಹೋದ ಮೇಲೆ ಅತ್ತೆಯ ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದಳು. “ಎರಡು ತಿಂಗಳಿಂದ ನನ್ನ ಹತ್ರ ಬಾಯಿ ಬಿಟ್ಟಿಲ್ಲ. ನಿಮಗೆ ಏನು ಹೇಳ್ತಿದ್ರು?”

“ನನಗೇನು ಗೊತ್ತು? ಅರ್ಧಕ್ಕರ್ಧ ಕೇಳಿಸಲ್ಲ ನನಗೆ” ಎಂದರು ಅತ್ತೆ.

“ಮತ್ತೆ ನಿಮಗೆ ಯಾಕೆ ಹೇಳ್ತಾರೆ?”

“ಕೇಳಿಸಿದ್ರೆ ತಾನೇ ಮಧ್ಯ ಬಾಯಿ ಹಾಕೋದು? ನನಗೆ ಕೇಳಿಸಲ್ಲ, ಅದಕ್ಕೆ ಸುಮ್ನೆ ಕೂತಿರ್ತೀನಿ. ಅವನು ಹೇಳ್ತಾನೆ.” ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನೀನು ಒಳ್ಳೆಯವಳು ಕಣೆ. ಆದ್ರೆ ಅವನು ಒಂದು ಮಾತಾಡೋಷ್ಟರಲ್ಲಿ ನೀನು ಹತ್ತು ಉತ್ತರ ಕೊಟ್ಟಿರ್ತೀಯ. ಮದುವೆಯಾದಾಗಿಂದಲೂ ಹಂಗೇ.”

ಮೊದಲು ಅವಳಿಗೆ ಸಿಟ್ಟೇ ಬಂತು. ಗಂಡನ ಸಂಕಟ ನೋಡಲಾಗದೆ ಹೇಳಿದ್ದೂ ತಪ್ಪಾಯಿತೇ? ಮಾರನೆಯ ದಿನ ಲ್ಯಾಬಿನಲ್ಲಿ ಒಬ್ಬ ಹೆಂಗಸಿನ ತೋಳಿಗೆ ಪಟ್ಟಿ ಕಟ್ಟಿ, ಎಂದಿನಂತೆ “ಎಲ್ಲಿ ಭಯ ಆಗ್ತಿದೆ ಹೇಳಿ” ಎಂದು ಕೇಳಿದಾಗ ಅವಳ ಕೈ ಅಲ್ಲೇ ನಿಂತಿತು. ಗುರುತು ಪರಿಚಯವಿಲ್ಲದವರನ್ನು ದಿನಕ್ಕೆ ಅರವತ್ತು ಸಲ ಕೇಳುವ ಮಾತನ್ನು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಯಾಕೆಂದು ಯೋಚಿಸಿದರೆ ಉತ್ತರ ಸಿಕ್ಕಿತು, ಅದು ಹಿತವಾಗಿರಲಿಲ್ಲ. ಅವನು ಹೇಳಿದರೆ ತಾನೂ ಹೆದರಬೇಕಾಗುತ್ತದೆ ಎಂಬ ಹೆದರಿಕೆ. ಅವನ ಬಾಯಿ ಮುಚ್ಚಿಸಲೆಂದೇ ಅವಳು ಅಷ್ಟು ಸಮಾಧಾನ ಹೇಳಿದ್ದಳು.

ಭಾನುವಾರ ಅವನು ಹಿತ್ತಿಲಲ್ಲಿ ಕೂತು ಅಲ್ಲಾಡುತ್ತಿದ್ದ ಸ್ಟೂಲಿನ ಕಾಲು ಸರಿಪಡಿಸುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತು ಸ್ಟೂಲನ್ನು ಅಲುಗದಂತೆ ಹಿಡಿದುಕೊಂಡಳು. ಅವನು ಒಂದು ಸ್ಕ್ರೂ ತಿರುಗಿಸಿ ಮುಗಿಸುವವರೆಗೂ ಕಾದಳು.

“ಆವತ್ತು ಬೆಳಗ್ಗೆ ಏನಾಯ್ತು ಅಂತ ನಾನು ನಿಮ್ಮನ್ನ ಒಂದು ಸಲಾನೂ ಕೇಳಲಿಲ್ಲ” ಎಂದಳು. “ಹೇಳ್ತೀರಾ? ಮಧ್ಯ ಬಾಯಿ ಹಾಕಲ್ಲ.”

“ನಿನ್ನ ಕೈಲಿ ಆಗುತ್ತಾ?”

“ಗೊತ್ತಿಲ್ಲ. ನೋಡೋಣ.”

ಅವನ ತುಟಿಯ ಮೇಲೆ ನಗುವಿನಂಥದ್ದೊಂದು ಸುಳಿದು ಹೋಯಿತು. ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಅವಳಿಗೆ ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತಳು.

“ನಾನು ಇಳೀಲಿಲ್ಲ ಕಣೆ” ಎಂದ.

“ಎಲ್ಲಿಂದ?”

“ಸೀಟಿಂದ. ಬ್ರೇಕ್ ಹಾಕಿದೆ, ಬಸ್ ನಿಂತಿತು. ಕಂಡಕ್ಟರ್ ಹಾರಿ ಇಳಿದ. ಜನ ಇಳಿದ್ರು. ನನ್ನ ಕೈ ಸ್ಟೀರಿಂಗ್ ಬಿಡಲಿಲ್ಲ. ಕಿಟಕಿ ಕೆಳಗೇ ಬಿದ್ದಿದ್ರು ಅವರು. ಜೀವ ಇತ್ತು. ಒಂದು ಕೈ ಎತ್ತಿ ಏನೋ ಹುಡುಕ್ತಿದ್ರು, ಹೀಗೆ, ಗಾಳೀಲಿ. ನಾಲ್ಕು ನಿಮಿಷ. ಎದುರಿಗಿದ್ದ ಗಡಿಯಾರ ನೋಡ್ತಾನೇ ಇದ್ದೆ, ಅದಕ್ಕೆ ಗೊತ್ತು. ಆ ಕೈ ಹಿಡ್ಕೊಳ್ಳೋಕೆ ನಾನು ಇಳೀಲಿಲ್ಲ.”

ಗಾಯ ಇದ್ದದ್ದು ಒಂದು ಕಡೆ, ತಾನು ಎರಡು ತಿಂಗಳಿಂದ ಮುಲಾಮು ಹಚ್ಚಿದ್ದು ಇನ್ನೊಂದು ಕಡೆ. ತಪ್ಪಿಲ್ಲ ಎಂದು ಕಾಗದ ಹೇಳಿದ್ದು ಬ್ರೇಕಿನ ಮಾತು. ಈ ನಾಲ್ಕು ನಿಮಿಷದ ಬಗ್ಗೆ ಅವನನ್ನು ಯಾರೂ ವಿಚಾರಣೆ ಮಾಡಿರಲಿಲ್ಲ.

“ಯಾಕೆ ಇಳೀಲಿಲ್ಲ ನಾನು?” ಎಂದು ಅವನೇ ಕೇಳಿದ.

“ನನಗೂ ಗೊತ್ತಿಲ್ಲ ರೀ. ಲ್ಯಾಬಲ್ಲಿ ನೋಡ್ತೀನಿ, ಆನೆಯಂಥ ಆಳುಗಳು ಒಂದು ಹನಿ ರಕ್ತ ಕಂಡು ಕುಸಿದು ಬೀಳ್ತಾರೆ. ಮೈ ಮಾತು ಕೇಳಲ್ಲ ಆ ಹೊತ್ತಲ್ಲಿ. ಆದ್ರೆ ಆ ಕೈ ನಿಮ್ಮನ್ನ ಬಿಡ್ತಿಲ್ಲ ಅಂತ ನನಗೆ ಗೊತ್ತಿರಲಿಲ್ಲ.” ಸ್ಟೂಲನ್ನು ಬದಿಗಿಟ್ಟು ಕೇಳಿದಳು, “ಈಗ ಏನು ಮಾಡ್ಬೇಕು ಅನ್ಸುತ್ತೆ ನಿಮಗೆ?”

“ಅವರ ಮನೆಗೆ ಹೋಗ್ಬೇಕು.”

ಬೇಡ ಎನ್ನಲು ಅವಳಿಗೆ ನೂರು ಕಾರಣಗಳಿದ್ದವು. ಬೈದರೆ? ಹೊಡೆದರೆ? “ನಾನೂ ಬರ್ತೀನಿ” ಎಂದಳು.

ವಿಳಾಸ ತಂದುಕೊಟ್ಟವನು ಕಂಡಕ್ಟರ್. ಗುರುವಾರ ನಾಲ್ಕು ಗಂಟೆಗೆ ಇಬ್ಬರೂ ಹೋದರು. ಇಕ್ಕಟ್ಟಾದ ಮೆಟ್ಟಿಲು, ಎರಡನೇ ಮಹಡಿ. ಬಾಗಿಲು ತೆರೆದವಳು ಕಾವಲುಗಾರನ ಮಗಳು. ಮನೆಯಲ್ಲೇ ರಟ್ಟಿನ ಡಬ್ಬಿ ಮಾಡುವ ಕೆಲಸವಿರಬೇಕು, ಅವಳ ಬೆರಳಿಗೆಲ್ಲ ಅಂಟು ಮೆತ್ತಿತ್ತು, ಹಿಂದೆ ಸೂರಿನವರೆಗೂ ಡಬ್ಬಿಗಳು. ವಿಚಾರಣೆಯಲ್ಲಿ ಅವನನ್ನು ನೋಡಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ಒಂದು ಕೈ ಬಾಗಿಲ ಮೇಲೇ ಇತ್ತು.

“ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲಮ್ಮ” ಎಂದ ಅವನು. “ನಿಮ್ಮಪ್ಪಂಗೆ ಆಮೇಲೂ ನಾಲ್ಕು ನಿಮಿಷ ಜೀವ ಇತ್ತು. ನಾನು ಸೀಟಲ್ಲೇ ಕೂತಿದ್ದೆ. ಇಳೀಲಿಲ್ಲ. ಅದನ್ನ ನಿಮಗೆ ಹೇಳ್ಬೇಕಿತ್ತು.”

ಹುಡುಗಿ ಬಾಗಿಲ ಮೇಲಿನ ಕೈ ತೆಗೆದಳು. “ಅಪ್ಪ ಒಬ್ಬರೇ ಇದ್ರಾ?”

“ಇಲ್ಲ. ಕಂಡಕ್ಟರ್ ಇದ್ದ. ತಲೆ ತೊಡೆ ಮೇಲೆ ಇಟ್ಕೊಂಡು ನೀರು ಕುಡಿಸಿದ.”

“ಏನಾದ್ರೂ ಅಂದ್ರಾ?”

“ನನಗೆ ಕೇಳಿಸಲಿಲ್ಲಮ್ಮ. ಕಿಟಕಿ ಗಾಜು ಹಾಕಿತ್ತು.”

ಅವಳು ಬೆರಳಿನ ಅಂಟನ್ನು ಕೆರೆಯುತ್ತ ನಿಂತಳು. “ಎಲ್ಲರೂ ‘ತಕ್ಷಣ ಹೋಗ್ಬಿಟ್ರು, ನೋವಾಗಲಿಲ್ಲ’ ಅಂದ್ರು. ನಾನು ನಂಬಿರಲಿಲ್ಲ. ನಿಜ ಹೇಳಿದೋರು ನೀವೇ ಮೊದಲು.” ಆಮೇಲೆ ಹೇಳಿದಳು, “ಆ ಕಂಡಕ್ಟರ್‌ನ ಒಂದು ದಿನ ಕಳಿಸಿ. ನೀವು ಮತ್ತೆ ಬರಬೇಡಿ. ನಿಮ್ಮ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ.”

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮೊದಲ ಮಹಡಿಯವರೆಗೆ ಇಳಿದು ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಹತ್ತಿ ಇಳಿಯುವವರು ತಿರುಗಿ ನೋಡುತ್ತ ಹೋಗುತ್ತಿದ್ದರು. ‘ಅಳಬೇಡಿ’ ಎಂಬ ಮಾತು ಅವಳ ಬಾಯಿ ತುದಿಗೆ ಬಂತು. ನುಂಗಿಕೊಂಡಳು. ಅವನ ಬೆನ್ನಿನ ಮೇಲೆ ಕೈಯಿಟ್ಟು, ಜನರಿಗೆ ದಾರಿ ಬಿಟ್ಟು, ಗೋಡೆಗೆ ಒತ್ತಿ ಕೂತಳು.

ಅಲ್ಲಿಗೆ ಎಲ್ಲವೂ ಸರಿಹೋಯಿತು ಎಂದೇನಲ್ಲ. ಡಿಪೋದವರು ಅವನಿಗೆ ಕೆಲವು ದಿನ ಶೆಡ್ಡಿನ ಕೆಲಸ ಕೊಟ್ಟರು. ಮೊದಲ ವಾರ ದಿನಕ್ಕೆ ಹತ್ತು ನಿಮಿಷ, ನಿಂತ ಬಸ್ಸಿನ ಸೀಟಿನಲ್ಲಿ ಸುಮ್ಮನೆ ಕೂತು ಇಳಿಯುತ್ತಿದ್ದ. ಕಂಡಕ್ಟರ್ ಬಾಗಿಲಲ್ಲಿ ನಿಂತು “ಅಣ್ಣಾ, ಇವತ್ತು ಬೆವರು ಕಮ್ಮಿ” ಎಂದು ವರದಿ ಒಪ್ಪಿಸುತ್ತಿದ್ದ. ಆಮೇಲೆ ಎಂಜಿನ್ ಚಾಲೂ ಮಾಡಿ ಕೂತ, ಆಮೇಲೆ ಅಂಗಳದಲ್ಲೇ ಒಂದು ಸುತ್ತು. ನಾಲ್ಕು ತಿಂಗಳಾದ ಮೇಲೆ ಬೇರೆ ರೂಟಿನಲ್ಲಿ ಬಸ್ ಹತ್ತಿದ. ಮಾರುಕಟ್ಟೆಯ ತಿರುವಿಗೆ ಅವನು ಈಗಲೂ ಹೋಗುವುದಿಲ್ಲ.

ಕೆಲವು ದಿನ ಮನೆಗೆ ಬಂದು “ಇವತ್ತು ಆ ಕೈ ಕಣ್ಮುಂದೆ ಬಂತು” ಎನ್ನುತ್ತಾನೆ. “ಎಲ್ಲಿ?” ಎಂದು ಅವಳು ಕೇಳುತ್ತಾಳೆ. ಆಸ್ಪತ್ರೆ ಸ್ಟಾಪಿನಲ್ಲಿ, ಸೇತುವೆ ಇಳಿಯುವಾಗ, ಹೀಗೆ ಏನೋ ಹೇಳುತ್ತಾನೆ. ಹೇಳಿದ ಮೇಲೆ ಊಟಕ್ಕೆ ಕೂರುತ್ತಾನೆ. ಅವಳಿಗೂ ಹಳೆಯ ಚಾಳಿ ಒಮ್ಮೊಮ್ಮೆ ಮರುಕಳಿಸುತ್ತದೆ. ಅವನು ಕೈಯೆತ್ತಿ “ಉತ್ತರ ಬೇಡ” ಎಂದರೆ ನಕ್ಕು ಸುಮ್ಮನಾಗುತ್ತಾಳೆ.

ಒಂದು ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಕೇಳಿದ. “ಆ ದಿನಗಳಲ್ಲಿ ನಿನಗೆ ಹೇಗಿತ್ತು?”

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಏನಿಲ್ಲ ಬಿಡಿ ಎನ್ನಬೇಕೆಂದುಕೊಂಡಳು, ಎನ್ನಲಿಲ್ಲ. “ಹೆದರಿಕೆ ರೀ” ಎಂದಳು. “ಲ್ಯಾಬಿಂದ ಬರೋಷ್ಟರಲ್ಲಿ ನೀವು ಇರಲ್ವೇನೋ ಅಂತ. ದಿನಾ, ಬಾಗಿಲು ತೆಗೆಯೋವರೆಗೂ.”

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತ. ಅವಳು ಮಡಿಸಿದ ಅಂಗಿಯನ್ನು ಬಿಡಿಸಿ, ಮತ್ತೆ ಮಡಿಸುತ್ತ, ಮೊದಲಿನಿಂದ ಹೇಳತೊಡಗಿದಳು.