ಜನರೇಟರಿನ ಪಾಳಿ

ನನ್ನ ಅಣ್ಣ ಉಜ್ಜನಪ್ಪನನ್ನು ಕಂಡರೆ ನನಗಾಗದು. ಅವನಿಗೂ ಅಷ್ಟೇ. ಅಪ್ಪ ಸತ್ತ ಮೇಲೆ ದಾವಣಗೆರೆ ಚೌಕಿಪೇಟೆಯ ಬಟ್ಟೆ ಅಂಗಡಿಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡೆವು. ಪಾಲು ಮಾಡಲಾಗದೆ ಉಳಿದದ್ದು ಅಪ್ಪನ ಪೆಟ್ರೋಲ್ ಜನರೇಟರ್ ಒಂದೇ. ತೊಂಬತ್ತೆಂಟರ ಬೇಸಿಗೆ, ದಿನಾ ಸಂಜೆ ಕರೆಂಟ್ ಹೋಗುತ್ತಿತ್ತು. ತಿಂಗಳಿಗೊಬ್ಬರ ಪಾಳಿ ಎಂದು ಹಿರಿಯರು ತೀರ್ಮಾನಿಸಿದರು. ಪಾಳಿ ಮುಗಿದವನು ಸ್ಪಾರ್ಕ್ ಪ್ಲಗ್ ಉಜ್ಜಿ, ಫಿಲ್ಟರ್ ತೊಳೆದು, ಹಳೇ ಆಯಿಲ್ ಇಳಿಸಿ ಹೊಸದು ತುಂಬಿ ಒಪ್ಪಿಸಬೇಕು.

ಏಪ್ರಿಲ್ ಒಂದಕ್ಕೆ ಅವನು ಒಪ್ಪಿಸಿದಾಗ ಪ್ಲಗ್ಗಿಗೆ ಮಸಿ ಕಟ್ಟಿತ್ತು. ಗಿರಾಕಿಗಳೆದುರು ಸ್ಟಾರ್ಟ್ ಮಾಡುವ ಹಗ್ಗ ಎಳೆದೆಳೆದು ನನ್ನ ರಟ್ಟೆ ಬಿದ್ದುಹೋಯಿತು. ಗೋಡೆಯಾಚೆ ಅವನು ನಕ್ಕದ್ದು ಕೇಳಿಸಿತು. ನಕ್ಕನೋ ಕೆಮ್ಮಿದನೋ, ನನಗದು ನಗುವೇ.

ತಿಂಗಳ ಕೊನೇ ದಿನ ನಾನು ಪ್ಲಗ್ ಥಳಥಳ ಉಜ್ಜಿದೆ. ಹಳೇ ಆಯಿಲ್ ಪೂರ್ತಿ ಇಳಿಸಿದೆ. ಹೊಸದು ಹಾಕಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನೂ ಒರೆಸಿ ಮುಚ್ಚಿ ಅವನ ಅಂಗಡಿಗೆ ಕಳಿಸಿದೆ. ಆಯಿಲ್ ಇಲ್ಲದೆ ಓಡಿ ಅವನ ಕೈಯಲ್ಲೇ ಇಂಜಿನ್ ಸೀಜ್ ಆಗಲಿ, ಅಪ್ಪನ ಇಂಜಿನ್ ಹಾಳುಮಾಡಿದ ಎಂದು ಪೇಟೆಯೆಲ್ಲ ಉಗಿಯಲಿ. ಹೊಟ್ಟೆ ತಣ್ಣಗಾಯಿತು.

ಮರುದಿನ ಮೇ ಒಂದು, ಅಂಗಡಿಗಳಿಗೆ ರಜೆ. ಸಂಜೆ ನಮ್ಮ ಮನೆಯಲ್ಲಿ ಮಗಳು ಅಂಕಿತಾಳ ನಿಶ್ಚಿತಾರ್ಥ. ಅಣ್ಣನಿಗೆ ಹೇಳಿಕಳಿಸಿದ್ದೆ, ಹೋಗಿ ಕರೆದಿರಲಿಲ್ಲ. ಹರಿಹರದ ಬೀಗರು ಬಂದು ಕೂತರು, ಕರೆಂಟ್ ಹೋಯಿತು. ಗ್ಯಾಸ್‌ಲೈಟ್ ಹಚ್ಚಲು ಎದ್ದೆ. ಅಷ್ಟರಲ್ಲಿ ಜನರೇಟರ್ ಹೇರಿದ ತಳ್ಳುಗಾಡಿ ಬಾಗಿಲಿಗೆ ಬಂತು. ತಳ್ಳುತ್ತಿದ್ದವನು ಅಣ್ಣನೇ, ಬಿಳಿ ಪಂಚೆ ಉಟ್ಟು, ಬೆವರು ಸುರಿಸುತ್ತ.

"ಗ್ಯಾಸ್‌ಲೈಟ್ ಬೆಳಕ್ನಾಗೆ ಹುಡುಗಿ ತೋರಿಸ್ತೀಯೇನಲೇ ಬಕ್ಕೇಶ? ಮರ್ಯಾದಿ ಐತೇನು ನಿಂಗೆ?"

"ಬ್ಯಾಡ ಅಣ್ಣ. ತಗಂಡು ಹೋಗು."

"ನಿಂಗಲ್ಲಲೇ ತಂದಿದ್ದು. ನನ್ನ ಕೂಸಿಗೆ."

ಆಯಿಲ್ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕಿಲ್ಲ ಎಂದು ಅವನು ಕೇಳುತ್ತಿದ್ದ, ಬೀಗರು ಕೇಳಿಸಿಕೊಳ್ಳುತ್ತಿದ್ದರು.  ಅವನು ಮನೆಗೆ ವೈರ್ ಜೋಡಿಸಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಪ್ಲಗ್ ಅಷ್ಟು ಚೆನ್ನಾಗಿ ಉಜ್ಜಿದ್ದೆನಲ್ಲ. ಟ್ಯೂಬ್‌ಲೈಟ್ ಹತ್ತಿದವು. ಅಂಕಿತಾ ದೊಡ್ಡಪ್ಪನ ಕಾಲಿಗೆ ಬಿದ್ದಳು. ನಾನು ಇಂಜಿನ್ ಸದ್ದಿಗೇ ಕಿವಿಗೊಟ್ಟು ಕೂತೆ. ಎದ್ದು ಹೋಗಿ ಆರಿಸಲು ನಾಲ್ಕು ಹೆಜ್ಜೆ ಸಾಕಿತ್ತು.

ಉಂಗುರ ತೊಡಿಸುವ ಹೊತ್ತಿಗೆ ಇಂಜಿನ್ ಕಿರ್ರೆಂದು ಕಿರುಚಿ ನಿಂತಿತು. ಮನೆಯೆಲ್ಲ ಕತ್ತಲು.

"ಶಕುನ ಯಾಕೋ ಸರಿ ಇಲ್ರಿ" ಎಂದಳು ಬೀಗಿತ್ತಿ.

ಅಣ್ಣ ಟಾರ್ಚ್ ಹಿಡಿದು ಬಗ್ಗಿದ. ಆಯಿಲ್ ಕಡ್ಡಿ ತೆಗೆದು ಪಂಚೆಗೆ ಒರೆಸಿದ. ಪಂಚೆಗೆ ಕಲೆ ಹತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಮುಖ ನೋಡಿದ.

"ನಂಗೆ ಅಂತ ಮಾಡಿಟ್ಟಿದ್ದೇನಲೇ?" ಎಂದ, ನನಗಷ್ಟೇ ಕೇಳುವ ಹಾಗೆ.

 ಅವನು ಬೀಗರ ಕಡೆ ತಿರುಗಿದ.

"ಶಕುನ ಗಿಕುನ ಏನಿಲ್ರಿ. ಆಯಿಲ್ ಹಾಕೋದು ನಾನೇ ಮರ್ತೆ. ತಪ್ಪು ನಂದು. ನೀವು ಉಂಗುರ ತೊಡಸ್ರಿ."

ಗ್ಯಾಸ್‌ಲೈಟ್ ಹಚ್ಚಿದೆ. ಉಂಗುರ ತೊಡಿಸಿದರು. ಅಣ್ಣ ಊಟಕ್ಕೂ ನಿಲ್ಲದೆ, ಕೆಟ್ಟ ಇಂಜಿನ್ನನ್ನು ತಳ್ಳಿಕೊಂಡು ಹೊರಟ. ನಮ್ಮ ಮರ್ಯಾದೆ ಉಳಿಸಿದ್ದಕ್ಕೂ ನನಗೆ ಅವನ ಮೇಲೆ ಸಿಟ್ಟೇ ಬಂತು.

"ಎಂಥಾ ಮರೆಗುಳಿ ಅಣ್ಣ ಅದಾರ್ರೀ ನಿಮ್ಗೆ" ಎಂದು ಬೀಗರು ಜೋರಾಗಿ ನಕ್ಕರು. ಅವರ ಜೊತೆ ನಾನೂ ನಕ್ಕೆ. ಗಾಡಿ ಇನ್ನೂ ಓಣಿ ದಾಟಿರಲಿಲ್ಲ. ಅವನಿಗೆ ಕೇಳಿಸಿರಬೇಕು.