ತಂಗಿಯ ಮದುವೆಗೆ ಬೇರೆ ಫೋಟೋದವರು

ಅವಳನ್ನು ಹೆಸರು ಹಿಡಿದು ಕರೆಯುವವರು ಅವಳ ಅಮ್ಮ ಮತ್ತು ಬ್ಯಾಂಕಿನವರು ಮಾತ್ರ. ಬೀದಿಯ ಉಳಿದವರಿಗೆಲ್ಲ ಅವಳು ಫೋಟೋ ಅಕ್ಕ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಸ್ಟುಡಿಯೋ. ಮೆಟ್ಟಿಲು ಕಡಿದು. ಮದುವೆ ಫೋಟೋ ಮಾತಾಡಲು ಬಂದವರು ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಕೂತು, ನೀರು ಕುಡಿದು, ಸುಧಾರಿಸಿಕೊಂಡು ರೇಟು ಕೇಳಿದ ಮೇಲೆ ಇನ್ನೊಮ್ಮೆ ಬಿಡುತ್ತಿದ್ದರು.

"ಅಷ್ಟೊಂದಾ? ಒಂದು ದಿನದ ಕೆಲಸಕ್ಕಾ?"

ಈ ಮಾತು ಕೇಳಿ ಕೇಳಿ ಅಕ್ಕನ ಕಿವಿ ತೂತು ಬಿದ್ದಿತ್ತು. ಮೊದಮೊದಲು ಅವಳು ವಿವರಿಸುತ್ತಿದ್ದಳು. ಒಂದು ದಿನ ತೆಗೆದ ಫೋಟೋಗಳನ್ನು ಆರಿಸಿ, ತಿದ್ದಿ, ಬಣ್ಣ ಸರಿಮಾಡಿ ಆಲ್ಬಮ್ಮಿಗೆ ಕಳಿಸುವುದಕ್ಕೆ ವಾರಗಟ್ಟಲೆ ಕಂಪ್ಯೂಟರಿನ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ಕೂರಬೇಕು ಅಂತ. ಲೆನ್ಸ್ ಕೆಳಗೆ ಬಿದ್ದರೆ ಒಂದು ಸೀಸನ್ನಿನ ದುಡಿಮೆಯೇ ಬಿದ್ದಂತೆ ಅಂತ. ಕೇಳುವವರು ತಲೆಯಾಡಿಸಿ, ಕೊನೆಗೆ "ಅದೆಲ್ಲ ಸರಿ, ಸ್ವಲ್ಪ ನೋಡಿ ಹೇಳಿ" ಅನ್ನುತ್ತಿದ್ದರು. ಈಗ ಅವಳು ವಿವರಿಸುವುದನ್ನು ಬಿಟ್ಟಿದ್ದಳು. ಒಪ್ಪಿದವರು ಒಪ್ಪುತ್ತಿದ್ದರು, ಇಲ್ಲದವರು ಮೆಟ್ಟಿಲಿಳಿಯುತ್ತಿದ್ದರು. ಜೀವನ ನಡೆಯುತ್ತಿತ್ತು, ಚೆನ್ನಾಗಿಯೇ.

ಹೀಗಿರುವಾಗ ತಂಗಿಯ ಮದುವೆ ಗೊತ್ತಾಯಿತು. ಹುಡುಗ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಮಾತು ಕಡಿಮೆ, ನಗು ಜಾಸ್ತಿ. ಎಲ್ಲರಿಗೂ ಹಿಡಿಸಿದ. ಮನೆಯ ಊಟದ ಮೇಜಿನ ಸುತ್ತ ಅಮ್ಮ, ತಂಗಿ, ಅಕ್ಕ, ಸೋದರಮಾವ ಖರ್ಚಿನ ಲೆಕ್ಕಕ್ಕೆ ಕೂತರು. ಅಪ್ಪ ಹೋದ ಮೇಲೆ ಮನೆಯ ದೊಡ್ಡ ತೀರ್ಮಾನಗಳಿಗೆಲ್ಲ ಮಾವನದೇ ಅಧ್ಯಕ್ಷತೆ. ಆತ ಫೋಟೋ ಅನ್ನುವ ಬಾಬತ್ತು ಬಂದದ್ದೇ ತಡ, ಕೈ ಬೀಸಿ ಅಂದ:

"ಅದಕ್ಕೇನು ಖರ್ಚು? ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೀತಾರಾ? ಸೊನ್ನೆ ಬರ್ಕೊಳ್ಳಿ."

ಅಕ್ಕನೂ ಹೂಂ ಅಂದಳು. ಅದರಲ್ಲಿ ಯೋಚಿಸುವುದೇನಿತ್ತು? ದೂರದ ಊರಲ್ಲಿದ್ದ ಅಣ್ಣನ ಮದುವೆಗೂ ಅವಳೇ, ದೊಡ್ಡಮ್ಮನ ಮಕ್ಕಳ ಮದುವೆಗಳಿಗೂ ಅವಳೇ.

ತಂಗಿ ಮಾತ್ರ ಮಾರನೇ ದಿನ ಸಂಜೆ ಸ್ಟುಡಿಯೋಗೆ ಬಂದಳು. ಕಂಕುಳಲ್ಲಿ ಅಣ್ಣನ ಮದುವೆಯ ದಪ್ಪ ಆಲ್ಬಮ್. ಅದನ್ನು ಮೇಜಿನ ಮೇಲೆ ಧೊಪ್ಪೆಂದು ಹಾಕಿ, "ಇದರಲ್ಲಿ ನೀನೆಲ್ಲಿದ್ದೀಯ ತೋರ್ಸು" ಅಂದಳು.

"ನಾನೆಲ್ಲಿರ್ತೀನೇ? ಕ್ಯಾಮೆರಾ ಹಿಂದೆ."

"ಒಂದ್ಕಡೆ ಸಿಕ್ಕಿದ್ದೀಯ. ನೋಡು." ತಂಗಿ ಒಂದು ಪುಟ ಬಿಡಿಸಿದಳು. ಅತ್ತಿಗೆ ಕನ್ನಡಿಯ ಮುಂದೆ ತಲೆ ಬಾಚಿಸಿಕೊಳ್ಳುತ್ತಿದ್ದಳು. ಕನ್ನಡಿಯ ಮೂಲೆಯಲ್ಲಿ ಒಂದು ಮೊಣಕೈ. "ಅಣ್ಣನ ಮದುವೆಗೆ ನೀನು ಬಂದಿದ್ದೆ ಅನ್ನೋದಕ್ಕೆ ಇರೋ ಸಾಕ್ಷಿ ಈ ಮೊಣಕೈ."

ಅಕ್ಕನಿಗೆ ನಗು ಬಂತು. ತಂಗಿ ನಗಲಿಲ್ಲ.

"ನಂಗೆ ಮೊಣಕೈ ಬೇಡ. ಅವತ್ತು ಬೆಳಿಗ್ಗೆಯಿಂದ ನೀನು ನನ್ನ ಪಕ್ಕದಲ್ಲಿರಬೇಕು. ಬೇರೆ ಯಾರನ್ನಾದ್ರೂ ಕರೆಸು."

"ಬೇರೆಯವರು ಸುಮ್ನೆ ಬರ್ತಾರಾ? ದುಡ್ಡು ಕೊಡಬೇಕಮ್ಮಾ."

"ಕೊಡು. ಜನ ನಿಂಗೆ ಕೊಡೋದಿಲ್ವಾ?"

ತಂಗಿ ಹೋದ ಮೇಲೆ ಅಕ್ಕ ಆಲ್ಬಮ್ಮಿನ ಆ ಪುಟವನ್ನೇ ನೋಡುತ್ತ ಕೂತಳು. ಬೆಳಕು ಚೆನ್ನಾಗಿ ಬಿದ್ದಿತ್ತು. ಮೊಣಕೈ ನಿಜಕ್ಕೂ ಅವಳದೇ.

ಯಾರನ್ನು ಕರೆಯುವುದು? ಕಡಿಮೆ ರೇಟಿನವರು ಊರಲ್ಲಿ ಇಲ್ಲದೆ ಏನಿಲ್ಲ. ಅಕ್ಕ ನಾಲ್ಕಾರು ಜನರ ಕೆಲಸ ನೋಡಿದಳು. ಒಬ್ಬ ಮದುಮಗಳ ಮುಖಕ್ಕೆ ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದ್ದ. ಇನ್ನೊಬ್ಬ ಎಲ್ಲರ ಕಾಲನ್ನೂ ಕತ್ತರಿಸಿದ್ದ. ಪರರ ಮದುವೆಯಾಗಿದ್ದರೆ 'ಪರವಾಗಿಲ್ಲ' ಅನ್ನುತ್ತಿದ್ದಳೇನೋ. ತಂಗಿಯದು ಅಂದಾಗ ಕೈ ಮುಂದೆ ಹೋಗಲಿಲ್ಲ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮಾರುಕಟ್ಟೆಯ ಆಚೆ ಬದಿಗೆ ನಡೆದಳು. ಅಲ್ಲಿ ಮೀಸೆಯವರ ಸ್ಟುಡಿಯೋ ಇತ್ತು.

ಮೀಸೆಯವರು ಅವಳಿಗಿಂತ ಹದಿನೈದು ವರ್ಷ ದೊಡ್ಡವರು, ಗಂಡ ಹೆಂಡತಿ ಇಬ್ಬರೂ ಕ್ಯಾಮೆರಾ ಹಿಡಿಯುವವರು. ವರ್ಷಗಳಿಂದ ಒಬ್ಬರ ಗಿರಾಕಿ ಇನ್ನೊಬ್ಬರ ಮೆಟ್ಟಿಲು ಹತ್ತುವುದನ್ನು ಅಕ್ಕನೂ ಅವರೂ ಓರೆಗಣ್ಣಿನಲ್ಲಿ ನೋಡಿಕೊಂಡೇ ಬಂದಿದ್ದರು. ಎದುರು ಸಿಕ್ಕರೆ ಒಂದು ನಮಸ್ಕಾರ, ಅಷ್ಟೇ.

"ಏನು ಮೇಡಂ, ದಾರಿ ತಪ್ಪಿತಾ?" ಅಂದರು ಮೀಸೆಯವರು.

ಅಕ್ಕ ವಿಷಯ ಹೇಳಿದಳು. ಅವರು ಗಂಭೀರವಾಗಿ ಕೇಳಿದರು. ಎಷ್ಟು ಜನ, ಎಲ್ಲಿ, ಎಷ್ಟು ಹೊತ್ತಿಗೆ, ಎಲ್ಲ ವಿಚಾರಿಸಿ ಒಂದು ಮೊತ್ತ ಹೇಳಿದರು.

"ಅಷ್ಟೊಂದಾ!"

ಮಾತು ಬಾಯಿಂದ ಜಾರಿದ ಮೇಲೇ ಅಕ್ಕನಿಗೆ ಅದು ಯಾರ ಮಾತೆಂದು ಹೊಳೆದದ್ದು. ಮೀಸೆಯವರು ಒಂದು ಕ್ಷಣ ಅವಳನ್ನೇ ನೋಡಿ, ಆಮೇಲೆ ಮೀಸೆ ಕುಣಿಯುವಂತೆ ನಕ್ಕರು. ಒಳಗಿಂದ ಅವರ ಹೆಂಡತಿ ಬಂದು ಏನಾಯಿತು ಅಂದರು. "ನಮ್ಮ ಮೇಡಂ ಅಷ್ಟೊಂದಾ ಅಂದ್ರು ಕಣೇ!" ಆಕೆಯೂ ನಗತೊಡಗಿದರು. ಅಕ್ಕನ ಮುಖ ಕೆಂಪಾಯಿತು, ಕೊನೆಗೆ ಅವಳೂ ಸೋತು ನಕ್ಕಳು.

"ನಗೋದು ಇರಲಿ, ನಿಮ್ಮ ರೇಟು ನನಗಿಂತ ಜಾಸ್ತಿ" ಅಂದಳು. "ನಾನೇನು ಹೊರಗಿನವಳಲ್ಲ, ಯಾವುದಕ್ಕೆಷ್ಟು ಅಂತ ನಂಗೊತ್ತು. ಬಿಡಿಸಿ ಹೇಳಿ."

ಹಾಗೆ ಶುರುವಾಯಿತು ಚೌಕಾಸಿ. ಇಬ್ಬರೂ ಒಂದೇ ಗರಡಿಯ ಪೈಲ್ವಾನರು, ಒಬ್ಬರ ಪಟ್ಟು ಇನ್ನೊಬ್ಬರಿಗೆ ಗೊತ್ತು. ಆಲ್ಬಮ್ಮಿನ ಬಾಬತ್ತಿಗೆ ಬಂದಾಗ ಅಕ್ಕ, "ಇದನ್ನ ನೀವು ಅರ್ಧ ಬೆಲೆಗೆ ಮಾಡಿಸ್ತೀರ, ನಾನೂ ಅಲ್ಲೇ ಮಾಡಿಸೋದು" ಅಂದಳು. ಮೀಸೆಯವರು ಕಿವಿ ಕೆರೆದುಕೊಂಡರು.

"ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ. ಆಲ್ಬಮ್ಮಿನಲ್ಲಿ ಸ್ವಲ್ಪ ಏರಿಸಿರ್ತೀನಿ. ನೀವು ಏರಿಸಲ್ವಾ?"

"ಏರಿಸ್ತೀನಿ" ಅಂದಳು ಅಕ್ಕ. ಅದನ್ನು ಅವಳು ಬಾಯಿಬಿಟ್ಟು ಒಪ್ಪಿದ್ದು ಅದೇ ಮೊದಲು. "ಹಂಗಾದ್ರೆ ಆಲ್ಬಮ್ ನಂಗೆ ಬಿಡಿ, ನಾನೇ ಮಾಡ್ಕೋತೀನಿ. ಮತ್ತೆ ಇಬ್ಬರ್ಯಾಕೆ? ನೀವೊಬ್ಬರೇ ಬನ್ನಿ ಸಾಕು."

"ಅದಾಗಲ್ಲ." ಮೀಸೆಯವರ ದನಿ ಗಟ್ಟಿಯಾಯಿತು. "ನಾನು ಮದುಮಕ್ಕಳನ್ನ ಬಿಟ್ಟು ಆಚೀಚೆ ನೋಡೋನಲ್ಲ. ಮಿಕ್ಕವರನ್ನ ನೋಡೋಳು ಇವಳು. ಇನ್ನೊಂದು ವಿಷ್ಯ ಕೇಳಿ. ಹಿಂದೊಮ್ಮೆ ಮದುವೆ ಮಧ್ಯದಲ್ಲಿ ನನ್ನ ಕ್ಯಾಮೆರಾ ಕೈಕೊಟ್ಟಿತ್ತು. ಒಂದೇ ಇದ್ದಿದ್ದು. ರಿಪೇರಿ ಮಾಡಿ ಮುಗಿಸೋ ಹೊತ್ತಿಗೆ ಮದುವೆನೂ ಮುಗಿದಿತ್ತು. ಮದುವೆ ಇನ್ನೊಂದ್ಸಲ ಮಾಡ್ಕೊಳ್ಳಿ ಅನ್ನೋಕಾಗುತ್ತಾ? ಮುಂಗಡ ವಾಪಸ್ ಕೊಟ್ಟೆ, ಕೈ ಮುಗಿದೆ. ಆ ಹುಡುಗಿ ಮುಖ ಇವತ್ತಿಗೂ ಕಣ್ಮುಂದೆ ಬರುತ್ತೆ. ಆಮೇಲಿಂದ ಎಲ್ಲ ಎರಡೆರಡು. ರೇಟಿನಲ್ಲಿ ಅರ್ಧ ಆ ಭಯದ್ದು."

ಆ ಭಯ ಅಕ್ಕನಿಗೂ ಗೊತ್ತಿತ್ತು. ಮದುವೆಯ ಹಿಂದಿನ ದಿನ ಊಟ ಸೇರದಂತೆ ಮಾಡುವ ಭಯ. ಅದಕ್ಕೆ ಬೆಲೆ ಕಟ್ಟಬಹುದೆಂದು ಮಾತ್ರ ಹೊಳೆದಿರಲಿಲ್ಲ. ಆಲ್ಬಮ್ ಕಳೆದು ಉಳಿದದ್ದಕ್ಕೆ ಒಪ್ಪಿ, ಮುಂಗಡ ಕೊಟ್ಟು, ಟೀ ಕುಡಿದು ಎದ್ದಳು.

ಮನೆಯಲ್ಲಿ ವಿಷಯ ತಿಳಿದಾಗ ಮಾವ ಕುರ್ಚಿಯಿಂದ ಅರ್ಧ ಎದ್ದ. "ಆ ದುಡ್ಡಿಗೆ ಒಳ್ಳೇ ಸ್ಕೂಟರ್ ಬರುತ್ತೆ! ಅದೂ ಮನೇಲಿ ನೀನಿರುವಾಗ? ತಲೆ ಕೆಟ್ಟಿದೆಯಾ?"

"ನನ್ನ ದುಡ್ಡು ಮಾವ. ತಂಗಿಗೆ ನನ್ನ ಉಡುಗೊರೆ."

"ಉಡುಗೊರೆ ಅಂದ್ರೆ ಫ್ರಿಜ್ಜು, ಮಂಚ ಅಂತಾರೆ. ಇವಳು ನೋಡಿದ್ರೆ ಮೀಸೆನ ಕೊಡ್ತಾಳೆ" ಅಂತ ಮಾವ ಗೊಣಗಿದ. ಆ ರಾತ್ರಿ ಅಮ್ಮ ಅಕ್ಕನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಮದುವೆಯ ದಿನ ಬೆಳಿಗ್ಗೆ ಅಕ್ಕನ ಕೈ ಖಾಲಿ. ಕುತ್ತಿಗೆಗೆ ಕ್ಯಾಮೆರಾ ಪಟ್ಟಿಯಿಲ್ಲ, ಹೆಗಲಿಗೆ ಚೀಲವಿಲ್ಲ. ಹೊಸ ಬಟ್ಟೆ ಉಟ್ಟು ನಿಂತರೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಛತ್ರದ ಕಿಟಕಿಗಳು ಪೂರ್ವಕ್ಕಿದ್ದವು, ಬಿಸಿಲು ಚುಚ್ಚುತ್ತಿತ್ತು. ಮೀಸೆಯವರು ಬಂದ ಕೂಡಲೇ ಹತ್ತಿರ ಹೋಗಿ, "ಪರದೆ ಎಳೀರಿ, ಮುಖದ ಮೇಲೆ ಗೆರೆ ಬೀಳುತ್ತೆ" ಅಂದಳು. ಅವರು ಎಳೆದರು. ಸ್ವಲ್ಪ ಹೊತ್ತಿಗೆ, "ಆ ಹಸಿರು ಗೋಡೆ ಹಿಂದೆ ಬರದ ಹಾಗೆ ನೋಡ್ಕೊಳ್ಳಿ" ಅಂದಳು. ನೋಡಿಕೊಂಡರು. ಮೂರನೆಯ ಸಲ ಹೋದಾಗ ಅವರು ಕ್ಯಾಮೆರಾ ಇಳಿಸಿ ಕೈ ಜೋಡಿಸಿದರು.

"ಮೇಡಂ, ಇವತ್ತು ನೀವು ಮನೆಯವರು. ಹೋಗಿ, ನಿಮ್ಮ ತಂಗಿ ಕರೀತಿದ್ದಾರೆ."

ತಂಗಿ ನಿಜಕ್ಕೂ ಕರೆಯುತ್ತಿದ್ದಳು. ಬೆನ್ನಿನ ಹತ್ತಿರ ಒಂದು ಕೊಕ್ಕೆ ಕಿತ್ತುಬಂದಿತ್ತು. ಅಕ್ಕ ಸೂಜಿ ದಾರ ಹುಡುಕಿ ತಂದು, ಅವಳನ್ನು ಕಿಟಕಿಯ ಕಡೆ ತಿರುಗಿಸಿ ಹೊಲಿಯಲು ನಿಂತಳು. ಚಿಕ್ಕವಳಿದ್ದಾಗ ಈ ತಂಗಿಗೆ ಶಾಲೆಯ ಅಂಗಿಯ ಗುಂಡಿ ಹೊಲಿದು ಕಳಿಸುತ್ತಿದ್ದವಳೂ ಅವಳೇ. ತಂಗಿ ಕೈಯ ಬಳೆಗಳನ್ನು ತಿರುಗಿಸುತ್ತಲೇ ಇದ್ದಳು.

"ಹೆದರಿಕೆನಾ?"

"ಹೂಂ ಕಣೆ. ಸುಮ್ನೆ ಏನಾದ್ರೂ ಮಾತಾಡು."

ಅಕ್ಕ ಮಾತಾಡಿದಳು. ಮೀಸೆಯವರ ಅಂಗಡಿಯಲ್ಲಿ ತಾನು 'ಅಷ್ಟೊಂದಾ' ಅಂದ ಕಥೆಯನ್ನು ಅಭಿನಯಸಹಿತ ಹೇಳಿದಳು. ತಂಗಿ ನಕ್ಕ ರಭಸಕ್ಕೆ ಸೂಜಿ ಅಕ್ಕನ ಬೆರಳಿಗೇ ಚುಚ್ಚಿತು. ಇಬ್ಬರೂ ಮತ್ತಷ್ಟು ನಕ್ಕರು. ಬಾಗಿಲ ಬಳಿ ಯಾರೋ ಸುಳಿದಂತಾಯಿತು. ಅಕ್ಕ ತಿರುಗಿ ನೋಡಲಿಲ್ಲ.

ಮದುವೆ ನೋಂದಣಿಯ ಪುಸ್ತಕಕ್ಕೆ ಸಹಿ ಹಾಕುವ ಹೊತ್ತು ಬಂತು. ಅಕ್ಕ ತಂಗಿಯ ಪಕ್ಕದಲ್ಲೇ ನಿಂತಿದ್ದಳು. ಮೇಷ್ಟ್ರು ಸಹಿ ಹಾಕಿ ಪೆನ್ನು ಚಾಚಿದ. ಅಷ್ಟರಲ್ಲಿ ಅಕ್ಕನ ಕಣ್ಣು ಅಮ್ಮನ ಮೇಲೆ ಬಿತ್ತು. ಅಮ್ಮ ಎಲ್ಲರ ಹಾಗೆ ಪುಸ್ತಕದ ಕಡೆ ನೋಡುತ್ತಿರಲಿಲ್ಲ. ಹಿಂದಕ್ಕೆ ತಿರುಗಿ, ಖಾಲಿ ಕುರ್ಚಿಗಳ ಕಡೆ ನೋಡುತ್ತ, ತನ್ನಷ್ಟಕ್ಕೆ ತಾನು ನಗುತ್ತಿದ್ದಳು. ಎಂಥ ನಗು! ಅಪ್ಪನನ್ನು ನೆನೆಸಿಕೊಂಡಿದ್ದಾಳೆ ಅನ್ನಿಸಿ ಅಕ್ಕ ಕಣ್ಣಲ್ಲೇ ಫೋಟೋದವರನ್ನು ಹುಡುಕಿದಳು. ಮೀಸೆಯವರ ಬೆನ್ನು ಆ ಕಡೆಗಿತ್ತು. ಅವರ ಹೆಂಡತಿ ಇನ್ನೊಂದು ಮೂಲೆಯಲ್ಲಿ ವರನ ತಂದೆತಾಯಿಯ ಮುಂದೆ. ಕೂಗಿ ಹೇಳಲೇ ಅಂದುಕೊಂಡಳು. ಕೂಗಿದ್ದರೆ ಅಮ್ಮ ತಿರುಗುತ್ತಿದ್ದಳು, ನಗು ಹೋಗುತ್ತಿತ್ತು. ಆ ಹೊತ್ತಿಗೆ ತಂಗಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅಕ್ಕ ಇತ್ತ ತಿರುಗಿದಳು. ತಂಗಿ ಸಹಿ ಹಾಕುವಾಗ ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಅಂತ ಆಮೇಲೆ ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ಕಣ್ಣ ತುಂಬ ನೀರಿತ್ತು.

ಮೂರು ವಾರ ಕಳೆದ ಮೇಲೆ ಮೀಸೆಯವರು ಫೋಟೋಗಳನ್ನು ಕಳಿಸಿದರು. ಭಾನುವಾರ ತಂಗಿ ಗಂಡನನ್ನು ಮನೆಯಲ್ಲೇ ಬಿಟ್ಟು ಬಂದಳು; ಅಮ್ಮ ಕನ್ನಡಕ ಒರೆಸಿಕೊಂಡು ಕೂತಳು; ಅಕ್ಕ ಒಂದೊಂದಾಗಿ ತೆರೆದಳು. ಮೊದಲು ತಪ್ಪು ಹುಡುಕಿದಳು. ವೃತ್ತಿಯ ಚಾಳಿ, ಬಿಟ್ಟೀತೇ? ಸಿಕ್ಕವು ಕೂಡ, ಒಂದರಲ್ಲಿ ಹಸಿರು ಗೋಡೆ ಇಣುಕಿತ್ತು. ಆಮೇಲೆ ಹುಡುಕುವುದನ್ನು ಮರೆತಳು.

ಮೀಸೆಯವರ ಹೆಂಡತಿ ತೆಗೆದದ್ದೊಂದು ಬಂತು. ಕಿಟಕಿಯ ಬೆಳಕು, ತಂಗಿಯ ಬೆನ್ನು, ಬಾಯಿ ಅಗಲಿಸಿ ನಗುತ್ತ ಚುಚ್ಚಿದ ಬೆರಳನ್ನು ಮೇಲೆತ್ತಿ ಹಿಡಿದ ಅಕ್ಕ. ಗಲ್ಲದ ಕೆಳಗೆ ಇನ್ನೊಂದು ಗಲ್ಲ ಕಾಣುತ್ತಿತ್ತು. ತಾನು ಹೀಗೆ ನಗುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ.

"ಥೇಟ್ ನಿಮ್ಮಜ್ಜಿ" ಅಂದಳು ಅಮ್ಮ. "ಮೂಗು ಮಾತ್ರ ನಂದು."

"ಅಮ್ಮಾ, ಒಂದು ಮಾತು ಕೇಳ್ಲಾ?" ಅಕ್ಕ ಮೆಲ್ಲಗೆ ಅಂದಳು. "ಸಹಿ ಹಾಕುವಾಗ ನೀನು ಹಿಂದೆ ತಿರುಗಿ ನಗ್ತಿದ್ದೆಯಲ್ಲ, ಅಪ್ಪ ನೆನಪಾದ್ರಾ? ಅದೊಂದು ಫೋಟೋ ಸಿಗಲಿಲ್ಲ ಅಂತ ಸಂಕಟ ನಂಗೆ."

ಅಮ್ಮ ಕನ್ನಡಕ ತೆಗೆದಳು. "ಅದಾ? ನಿಮ್ಮ ಮಾವ ಕುರ್ಚಿಗಳ ಮಧ್ಯೆ ಬಗ್ಗಿಕೊಂಡು ಊಟದ ಕೋಣೆಗೆ ನುಸುಳ್ತಿದ್ದ. ಎಲ್ಲರೂ ಪುಸ್ತಕ ನೋಡೋ ಹೊತ್ತಿಗೆ ಮೊದಲ ಪಂಕ್ತಿ ಹಿಡಿಯೋಕೆ. ನಗು ತಡೆಯೋಕಾಗಲಿಲ್ಲ."

ತಂಗಿ ಮೇಜಿಗೆ ಹಣೆ ಹಚ್ಚಿ ನಕ್ಕಳು. ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ನಿಮ್ಮಪ್ಪ ಇದ್ದಿದ್ರೆ ಅವನ ಹಿಂದೆನೇ ಹೋಗ್ತಿದ್ರು" ಅಂತ ಅಮ್ಮ ಸೇರಿಸಿದಳು, ಸೆರಗಿನಿಂದ ಕನ್ನಡಕ ಇನ್ನೊಮ್ಮೆ ಒರೆಸುತ್ತ.

ಆಲ್ಬಮ್ಮನ್ನು ಅಕ್ಕನೇ ಮಾಡಿದಳು, ಏರಿಸದೆ. ಬೆರಳೆತ್ತಿದ ಫೋಟೋವನ್ನು ದೊಡ್ಡದು ಮಾಡಿಸಿ ತನ್ನ ಸ್ಟುಡಿಯೋದ ಗೋಡೆಗೂ ಒಂದು ಹಾಕಿದಳು. ಮುಂದಿನ ಸೀಸನ್ನಿಗೆ ಮೆಟ್ಟಿಲು ಹತ್ತಿ ಬಂದ ಮೊದಲ ಗಿರಾಕಿ, ಮಗನ ಮದುವೆ ಇಟ್ಟುಕೊಂಡಿದ್ದ ಒಬ್ಬ ಹೆಂಗಸು, ಕೂರುವ ಮೊದಲೇ ಅದರ ಮುಂದೆ ನಿಂತುಬಿಟ್ಟರು.

"ಇದು ಚೆನ್ನಾಗಿದೆ ಕಣಮ್ಮ. ನಮಗೂ ಇಂಥದ್ದೇ ಬೇಕು. ಇದು ನೀವೇ ಅಲ್ವಾ? ತೆಗೆದಿದ್ದು ಯಾರು?"

"ಮಾರುಕಟ್ಟೆ ಆಚೆ ಮೀಸೆಯವರಿದ್ದಾರಲ್ಲ, ಅವರ ಮನೆಯವರು" ಅಂದಳು ಅಕ್ಕ. "ಅವರ ರೇಟು ನನಗಿಂತ ಜಾಸ್ತಿ."

ಹೆಂಗಸು ಅವಳ ಮುಖವನ್ನೂ ಫೋಟೋವನ್ನೂ ಒಂದೆರಡು ಸಲ ನೋಡಿ, ಆಮೇಲೆ ಚೀಲ ಕೆಳಗಿಟ್ಟು ಕೂತರು. ಅಕ್ಕ ನೀರು ತರಲು ಒಳಗೆ ಹೋದಳು.